ಬೆಳಗಾದರೂ ಮುಗಿಯದ ಬ್ಯಾಕಪ್: ಒಂದು ಮದುವೆ ಸ್ಟುಡಿಯೋದ ನೆಟ್‌ವರ್ಕ್ ರಿಪೇರಿ

ಮದುವೆ ಶೂಟಿಂಗ್ ಮಾಡುವವರಿಗೆ ಆಷಾಢ ಬಿಡುವಿನ ತಿಂಗಳು. ಮುಹೂರ್ತ ಇಲ್ಲ, ಆರ್ಡರ್ ಇಲ್ಲ. ಕ್ಯಾಮೆರಾ ಸರ್ವೀಸ್, ಗೋಡೆಗೆ ಪೇಂಟ್, ವೈರಿಂಗ್ ರಿಪೇರಿ ಎಲ್ಲ ನಡೆಯುವುದು ಆಗಲೇ. ಶಿವಮೊಗ್ಗದ ಒಂದು ಸ್ಟುಡಿಯೋದವರು ನನ್ನನ್ನು ಕರೆದಿದ್ದೂ ಆಷಾಢದಲ್ಲೇ. ಸಮಸ್ಯೆ ಇಷ್ಟು: ರಾತ್ರಿ ಹಾಕಿಟ್ಟು ಹೋದ ಬ್ಯಾಕಪ್ ಬೆಳಗ್ಗೆ ಶಟರ್ ಎತ್ತುವಾಗಲೂ ಓಡುತ್ತಲೇ ಇರುತ್ತದೆ. ಎಡಿಟಿಂಗ್ ಶುರು ಮಾಡಬೇಕಲ್ಲ, ಅದಕ್ಕೆ ಹುಡುಗರು ಅರ್ಧಕ್ಕೇ ಕ್ಯಾನ್ಸಲ್ ಮಾಡುತ್ತಾರೆ. ಸೀಸನ್‌ನಲ್ಲಿ ದಿನಕ್ಕೊಂದು ಮದುವೆ ಇದ್ದಾಗಂತೂ ಬ್ಯಾಕಪ್ ಹಾಕುವುದನ್ನೇ ಬಿಟ್ಟಿದ್ದರು.

ನನಗೆ ಇದರಲ್ಲಿ ಭಯವಾಗಿದ್ದು ಸ್ಪೀಡ್ ವಿಷಯಕ್ಕಲ್ಲ. ಮಾಂಗಲ್ಯಧಾರಣೆಯ ಫುಟೇಜ್ ಹೋದರೆ ಮತ್ತೆ ಶೂಟ್ ಮಾಡೋಕೆ ಆಗುತ್ತದಾ? ಬ್ಯಾಕಪ್ ನಿಧಾನವಾದರೆ ಜನ ಅದನ್ನು ಮುಂದಕ್ಕೆ ಹಾಕುತ್ತಾರೆ, ಮುಂದಕ್ಕೆ ಹಾಕಿದ ದಿನವೇ ಡಿಸ್ಕ್ ಕೈಕೊಡುತ್ತದೆ. ಹಾಗಾಗಿ ಸ್ಪೀಡ್ ಇಲ್ಲಿ ಅನುಕೂಲದ ಮಾತಲ್ಲ. ಬ್ಯಾಕಪ್ ಇರುತ್ತದೋ ಇಲ್ಲವೋ ಎನ್ನುವುದೇ ಅದರ ಮೇಲೆ ನಿಂತಿದೆ.

ಅವರ ಹತ್ತಿರ ಇದ್ದ ಸಾಮಾನು ಹೀಗಿತ್ತು: ನಾಲ್ಕು ಎಡಿಟಿಂಗ್ ಪಿಸಿ, ಎರಡು ಡಿಸ್ಕ್ ಹಾಕುವ ಒಂದು ನ್ಯಾಸ್ (ಎಲ್ಲ ಪಿಸಿಗಳೂ ನೆಟ್‌ವರ್ಕ್ ಮೂಲಕ ಬಳಸುವ ಡಿಸ್ಕ್ ಪೆಟ್ಟಿಗೆ), ಇವನ್ನೆಲ್ಲ ಕೇಬಲ್‌ನಲ್ಲಿ ಜೋಡಿಸುವ ಎಂಟು ಪೋರ್ಟಿನ ಗಿಗಾಬಿಟ್ ಸ್ವಿಚ್, ಫೈಬರ್ ಕನೆಕ್ಷನ್ ಜೊತೆಗೆ ಬಂದ ರೂಟರ್, ಮತ್ತೆ ನ್ಯಾಸ್ ಹಿಂದೆ ಸಿಕ್ಕಿಸಿದ್ದ ಒಂದು ಪೋರ್ಟಬಲ್ ಹಾರ್ಡ್‌ಡಿಸ್ಕ್. ಎಲ್ಲವೂ ಒಂದೇ ಮಹಡಿಯಲ್ಲಿ. ಇಷ್ಟು ಚಿಕ್ಕ ಜಾಗಕ್ಕೆ ಈ ಸಾಮಾನು ಧಾರಾಳ ಸಾಕು.

"10ಜಿ ಸ್ವಿಚ್ ಹಾಕಿಸಿಬಿಡೋಣ್ವಾ ಮಾರಾಯ್ರೇ? ಒಂದ್ಸಲ ಖರ್ಚಾದ್ರೆ ಆಗ್ಲಿ" ಎಂದರು ಓನರ್. 10ಜಿ ಅಂದರೆ ಗಿಗಾಬಿಟ್‌ನ ಹತ್ತು ಪಟ್ಟು ಸ್ಪೀಡಿನದು.

"ತಡೀರಿ ಸಾರ್, ಮೊದಲು ಎಲ್ಲಿ ಸಿಕ್ಕಿಹಾಕ್ಕೊಂಡಿದೆ ನೋಡೋಣ. ಆಮೇಲೆ ಅಂಗಡಿಗೆ ಹೋಗೋಣ" ಎಂದೆ.

ಮೊದಲು ಲೆಕ್ಕ

ನೆಟ್‌ವರ್ಕ್ ಸ್ಪೀಡನ್ನು ಮೆಗಾಬಿಟ್‌ನಲ್ಲಿ ಹೇಳುತ್ತಾರೆ, ಫೈಲ್ ಕಾಪಿ ಆಗುವಾಗ ಕಂಪ್ಯೂಟರ್ ಮೆಗಾಬೈಟ್‌ನಲ್ಲಿ ತೋರಿಸುತ್ತದೆ. 8ರಿಂದ ಭಾಗಿಸಿದರೆ ಒಂದಕ್ಕೊಂದು ಹೊಂದುತ್ತದೆ. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಲೈನಿನಲ್ಲಿ ಕಾಗದದ ಮೇಲೆ ಸೆಕೆಂಡಿಗೆ 12.5 ಎಂಬಿ, ಕೈಗೆ ಸಿಗುವುದು 11ರ ಆಸುಪಾಸು. ಗಿಗಾಬಿಟ್‌ನಲ್ಲಿ, ಅಂದರೆ 1000 ಎಂಬಿಪಿಎಸ್‌ನಲ್ಲಿ, ಕಾಗದದ ಮೇಲೆ 125 ಎಂಬಿ, ಕೈಗೆ ಸಿಗುವುದು 110ರಿಂದ 115. ಈ 11 ಮತ್ತು 110 ಎರಡನ್ನು ನೆನಪಿಟ್ಟುಕೊಳ್ಳಿ. ಕಾಪಿ ಬಾಕ್ಸ್‌ನಲ್ಲಿ ಸ್ಪೀಡ್ 11ರಲ್ಲೇ ಅಂಟಿಕೊಂಡಿದ್ದರೆ ದಾರಿಯಲ್ಲಿ ಎಲ್ಲೋ ಒಂದು ಕೊಂಡಿ 100ಕ್ಕೆ ಇಳಿದಿದೆ ಎಂದೇ ಅರ್ಥ. ನನ್ನ ಅನುಭವದಲ್ಲಿ ಇಷ್ಟು ನಂಬಿಕೆಯ ಗುರುತು ಬೇರೆ ಇಲ್ಲ.

ಈಗ ಒಂದು ಮದುವೆಯ ತೂಕ ನೋಡಿ. 4ಕೆ ವಿಡಿಯೋವನ್ನು 100 ಎಂಬಿಪಿಎಸ್ ಬಿಟ್‌ರೇಟ್‌ನಲ್ಲಿ ತೆಗೆದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ ನಾಲ್ಕು ನಾಲ್ಕು ಗಂಟೆ ಓಡಿದರೆ 360 ಜಿಬಿ. ಮೇಲೆ ರಾ ಫೋಟೋಗಳು, ಒಂದೊಂದು 25–30 ಎಂಬಿಯಂತೆ. ಒಟ್ಟು 400 ಜಿಬಿ ದಾಟುತ್ತದೆ. ಸೆಕೆಂಡಿಗೆ 11 ಎಂಬಿಯಲ್ಲಿ ಇದಕ್ಕೆ ಹತ್ತು ಗಂಟೆ ಬೇಕು. 110ರಲ್ಲಾದರೆ ಒಂದು ಗಂಟೆ ಚಿಲ್ಲರೆ. ಸ್ಟುಡಿಯೋದಲ್ಲಿ ಕಾಣುತ್ತಿದ್ದುದು 11. ಅಂದರೆ ಗಿಗಾಬಿಟ್ ಸಾಮಾನು ಇಟ್ಟುಕೊಂಡೇ ಅವರು ಹತ್ತನೇ ಒಂದು ಭಾಗದಲ್ಲಿ ಕೆಲಸ ಮಾಡುತ್ತಿದ್ದರು.

ತಂತಿಯನ್ನು ಬೇರೆ, ಡಿಸ್ಕನ್ನು ಬೇರೆ ಅಳೆಯುವುದು

ಫೈಲ್ ಕಾಪಿ ಮಾಡಿ ಸ್ಪೀಡ್ ನೋಡಿದರೆ ಎಲ್ಲ ಕಲಸಿಹೋಗಿರುತ್ತದೆ. ಈ ಕಡೆಯ ಡಿಸ್ಕ್ ಓದಬೇಕು, ತಂತಿ ಸಾಗಿಸಬೇಕು, ಆ ಕಡೆಯ ಡಿಸ್ಕ್ ಬರೆಯಬೇಕು. ಮೂರರಲ್ಲಿ ಯಾವುದು ನಿಧಾನವೋ ಬ್ಯಾಕಪ್ಪಿಗೆ ಸಿಗುವುದು ಅದರ ಸ್ಪೀಡೇ. ಹಾಗಾಗಿ ಒಂದೊಂದನ್ನೇ ಬಿಡಿಸಿ ನೋಡಬೇಕು.

ಓದುವ ಕಡೆ ತೊಂದರೆ ಇರಲಿಲ್ಲ, ನಾಲ್ಕೂ ಪಿಸಿಯಲ್ಲಿ ಎಸ್‌ಎಸ್‌ಡಿ ಇದೆ. ತಂತಿ ಅಳೆಯುವುದಕ್ಕೆ ಐಪರ್ಫ್3 ಎಂಬ ಪುಕ್ಕಟೆ ಸಾಫ್ಟ್‌ವೇರ್ ಇದೆ. ಒಂದು ಕಡೆ ಸರ್ವರ್ ಆಗಿ ಓಡಿಸಿ ಇನ್ನೊಂದು ಕಡೆಯಿಂದ ಕ್ಲೈಂಟ್ ಆಗಿ ಓಡಿಸಿದರೆ ಡಿಸ್ಕನ್ನು ಮುಟ್ಟದೆ ಬರೀ ತಂತಿಯ ಸ್ಪೀಡ್ ಹೇಳುತ್ತದೆ. ನ್ಯಾಸ್‌ನೊಳಗೆ ಇದನ್ನು ಹಾಕುವ ರಗಳೆ ಬೇಡ ಎನಿಸಿತು. ನ್ಯಾಸ್‌ಗೆ ಹೋಗುವ ಕೇಬಲ್ ಕಿತ್ತು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಅದನ್ನೇ ಸರ್ವರ್ ಮಾಡಿದೆ. ಆಗ ಅದೇ ಕೇಬಲ್, ಅದೇ ಪೋರ್ಟ್, ನ್ಯಾಸ್ ಮಾತ್ರ ಲೆಕ್ಕದಿಂದ ಹೊರಗೆ.

ನಾಲ್ಕೂ ಪಿಸಿಯಿಂದ ಬಂದ ಉತ್ತರ 94 ಎಂಬಿಪಿಎಸ್. ನಾಲ್ಕಕ್ಕೂ ಒಂದೇ ಬಂದಿದೆ ಎಂದರೆ ಅಡ್ಡಿ ಇರುವುದು ಎಲ್ಲರೂ ಹಾದುಹೋಗುವ ಜಾಗದಲ್ಲಿ. ಕೇಬಲ್ ಹಿಡಿದುಕೊಂಡೇ ಹೋದೆ. ನ್ಯಾಸ್ ಸ್ವಿಚ್ಚಿಗೆ ಸಿಕ್ಕಿಸಿರಲಿಲ್ಲ, ಫೈಬರ್ ರೂಟರ್‌ಗೆ ಸಿಕ್ಕಿಸಿದ್ದರು. ಹತ್ತಿರದಲ್ಲಿ ಪ್ಲಗ್ ಪಾಯಿಂಟ್ ಇತ್ತು, ಅದಕ್ಕೇ. ರೂಟರ್ ಹಿಂದೆ ನಾಲ್ಕು ಲ್ಯಾನ್ ಪೋರ್ಟ್. ಒಂದರ ಕೆಳಗೆ ಸಣ್ಣಕ್ಷರದಲ್ಲಿ ಜಿಇ, ಉಳಿದ ಮೂರರ ಕೆಳಗೆ ಎಫ್‌ಇ. ಜಿಇ ಅಂದರೆ ಗಿಗಾಬಿಟ್, ಎಫ್‌ಇ ಅಂದರೆ ಫಾಸ್ಟ್ ಈಥರ್‌ನೆಟ್, ಅಂದರೆ ಹಳೆಯ 100. ಇಂಟರ್‌ನೆಟ್ ಕಂಪನಿಗಳು ಕೊಡುವ ಡಬ್ಬಗಳಲ್ಲಿ ಹೀಗೆ ಒಂದೇ ಪೋರ್ಟ್ ಗಿಗಾಬಿಟ್ ಇರುವುದು ಎಷ್ಟೋ ಕಡೆ ನೋಡಿದ್ದೇನೆ. ಇಲ್ಲಿ ಆ ಒಂದು ಪೋರ್ಟಿಗೆ ಟಿವಿಯ ಸೆಟ್‌ಟಾಪ್ ಬಾಕ್ಸ್ ಕೂತಿತ್ತು. ನ್ಯಾಸ್‌ಗೂ ಸ್ವಿಚ್ಚಿಗೂ ಸಿಕ್ಕಿದ್ದು ಎಫ್‌ಇ.

ನ್ಯಾಸನ್ನು ಎತ್ತಿ ಸ್ವಿಚ್ಚಿನ ಪಕ್ಕ ಇಟ್ಟು ನೇರ ಸ್ವಿಚ್ಚಿಗೇ ಸಿಕ್ಕಿಸಿದೆ. ರೂಟರಿನ ಜಿಇ ಪೋರ್ಟಿನಿಂದ ಒಂದೇ ಒಂದು ಕೇಬಲ್ ಸ್ವಿಚ್ಚಿಗೆ. ಟಿವಿ ಬಾಕ್ಸ್ ಎಫ್‌ಇಗೆ ಹೋಯಿತು, ಅದಕ್ಕೆ ಅಷ್ಟೇ ಸಾಕು. ಹೀಗೆ ಮಾಡಿದರೆ ಪಿಸಿಯಿಂದ ನ್ಯಾಸ್‌ಗೆ ಹೋಗುವ ಡೇಟಾ ಸ್ವಿಚ್ಚಿನೊಳಗೇ ತಿರುಗುತ್ತದೆ, ರೂಟರಿನ ಹತ್ತಿರ ಸುಳಿಯುವುದೇ ಇಲ್ಲ. ಮತ್ತೆ ಲ್ಯಾಪ್‌ಟಾಪ್ ಇಟ್ಟು ಅಳೆದೆ. ಮೂರು ಪಿಸಿಯಿಂದ 940ರ ಹತ್ತಿರ ಬಂತು. ಪೈಸೆ ಖರ್ಚಿಲ್ಲದೆ ಹತ್ತು ಪಟ್ಟು!

ನಾಲ್ಕನೆಯದು ಮಾತ್ರ 94ರಲ್ಲೇ ನಿಂತಿತ್ತು.

ಕಂದು ಜೋಡಿ

ಆ ಪಿಸಿಯಲ್ಲಿ ವಿಂಡೋಸ್ ಸೆಟ್ಟಿಂಗ್ಸ್‌ಗೆ ಹೋಗಿ ಈಥರ್‌ನೆಟ್ ವಿವರ ತೆಗೆದರೆ ಲಿಂಕ್ ಸ್ಪೀಡ್ 100/100 ಎಂದಿತ್ತು. ಉಳಿದವುಗಳಲ್ಲಿ 1000/1000. ಟೇಬಲ್ ಕೆಳಗಿನ ಪ್ಯಾಚ್ ಕೇಬಲ್ ಬದಲಿಸಿದೆ, ಹಾಗೇ ಇತ್ತು. ಸ್ವಿಚ್ಚಿನಲ್ಲಿ ಪೋರ್ಟ್ ಬದಲಿಸಿದೆ, ಆಗಲೂ ಅಷ್ಟೇ. ಇನ್ನು ಉಳಿದಿದ್ದು ಗೋಡೆಯೊಳಗಿನ ಕೇಬಲ್.

ಈಥರ್‌ನೆಟ್ ಕೇಬಲ್‌ನಲ್ಲಿ ಎಂಟು ಎಳೆ, ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು: 1, 2, 3, 6ನೇ ಪಿನ್‌ಗಳು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. 4, 5, 7, 8ರಲ್ಲಿ ಒಂದು ಎಳೆ ಕೆಟ್ಟರೂ ಎರಡು ಕಡೆಯ ಸಾಧನಗಳು ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಇಂಟರ್‌ನೆಟ್ ಬರುತ್ತದೆ, ಪ್ರಿಂಟರ್ ಓಡುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ದೊಡ್ಡ ಫೈಲ್ ಸಾಗಿಸುವಾಗ ಮಾತ್ರ ಗೊತ್ತಾಗುವುದು.

ಕೇಬಲ್ ಟೆಸ್ಟರ್ ಎರಡು ಡಬ್ಬಗಳ ಸರಳ ಸಾಧನ. ಒಂದೊಂದು ತುದಿಗೆ ಒಂದೊಂದು ಸಿಕ್ಕಿಸಿದರೆ 1ರಿಂದ 8ರ ತನಕ ದೀಪ ಸಾಲಾಗಿ ಹತ್ತುತ್ತವೆ. ಈ ಕೇಬಲ್‌ನಲ್ಲಿ 1ರಿಂದ 6 ಹತ್ತಿದವು. 7 ಹತ್ತಲಿಲ್ಲ. 8 ಹತ್ತಿತು, ಆದರೆ ಕೇಬಲನ್ನು ಸ್ವಲ್ಪ ಅಲ್ಲಾಡಿಸಿದಾಗ ಆರಿತು. 7–8 ಅಂದರೆ ಕಂದು ಜೋಡಿ.

ಗೋಡೆಯ ಬಾಕ್ಸ್ ಬಿಚ್ಚಿ ಕೇಬಲ್ ಈಚೆ ಎಳೆದೆ. ಜಾಕ್ ಹತ್ತಿರ ಕೇಬಲನ್ನು ಚೂಪಾಗಿ ಮಡಚಿ ಬಾಕ್ಸಿನೊಳಗೆ ತುರುಕಿದ್ದರು. ಆ ಮಡಿಕೆಯಲ್ಲೇ ಬಿಳಿ-ಕಂದು ಎಳೆ ಒಳಗೊಳಗೇ ತುಂಡಾಗಿತ್ತು, ಮೇಲಿನ ಪ್ಲಾಸ್ಟಿಕ್ ಮಾತ್ರ ಹಿಡಿದುಕೊಂಡಿತ್ತು. ತುದಿ ಕತ್ತರಿಸಿ ಹೊಸ ಜಾಕ್ ಕ್ರಿಂಪ್ ಮಾಡಿದರೆ ಮುಗಿಯಿತು ಎನ್ನಬಹುದಿತ್ತು. ಆದರೆ ಸಿಪ್ಪೆ ಸುಲಿದಾಗ ಎಳೆ ತೀರಾ ಹಗುರ, ಎರಡು ಸಲ ಬಗ್ಗಿಸಿದರೆ ಪಟ್ ಎಂದು ಮುರಿಯುತ್ತಿತ್ತು. ಬ್ಲೇಡ್ ತಗೊಂಡು ಎಳೆಯ ಮೇಲೆ ಕೆರೆದೆ. ಮೇಲಿನ ತಾಮ್ರದ ಬಣ್ಣ ಹೋಗಿ ಒಳಗೆ ಬೆಳ್ಳಗೆ ಕಂಡಿತು. ಅಲ್ಯೂಮಿನಿಯಂ!

ಇದನ್ನು ಸಿಸಿಎ ಕೇಬಲ್ ಎನ್ನುತ್ತಾರೆ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟಿರುತ್ತಾರೆ. ಕ್ಯಾಟ್5ಇ, ಕ್ಯಾಟ್6 ಎಂಬ ನೆಟ್‌ವರ್ಕ್ ಕೇಬಲ್ ದರ್ಜೆಗಳ ಹೆಸರಲ್ಲಿ ಕರೆಸಿಕೊಳ್ಳಲು ಸ್ಟ್ಯಾಂಡರ್ಡ್ ಪ್ರಕಾರ ಪೂರ್ತಿ ತಾಮ್ರವೇ ಇರಬೇಕು. ಆದರೂ ಕ್ಯಾಟ್6 ಎಂದು ಹೊದಿಕೆ ಮೇಲೆ ಮುದ್ರಿಸಿ ಸಿಸಿಎ ಮಾರುವುದು ನಡೆದೇ ಇದೆ. ರೇಟು ಕಮ್ಮಿ, ನೋಡೋಕೆ ವ್ಯತ್ಯಾಸ ಇಲ್ಲ. ಅಲ್ಯೂಮಿನಿಯಂನಲ್ಲಿ ರೆಸಿಸ್ಟೆನ್ಸ್ ಜಾಸ್ತಿ, ಬಗ್ಗಿಸಿದರೆ ಬೇಗ ಮುರಿಯುತ್ತದೆ. ಕೇಬಲ್ ಮೂಲಕವೇ ಕರೆಂಟ್ ಕೊಡುವ ಸಿಸಿಟಿವಿ ಕ್ಯಾಮೆರಾಗಳಿಗೆ ಇದು ಇನ್ನೂ ಕೆಟ್ಟದ್ದು, ಬಿಸಿಯಾಗುತ್ತದೆ. ಕೇಬಲ್ ತರುವಾಗ ಒಂದು ತುಂಡು ಸುಲಿದು ಬ್ಲೇಡಿನಲ್ಲಿ ಕೆರೆದು ನೋಡಿ, ಅಂಗಡಿಯವರು ಬೇಡ ಎನ್ನುವುದಿಲ್ಲ. ಒಳಗೂ ಕೆಂಪಾಗಿಯೇ ಇದ್ದರೆ ತಾಮ್ರ.

ಆ ಲೈನ್ ಪೂರ್ತಿ ತೆಗೆದು ತಾಮ್ರದ ಕ್ಯಾಟ್6 ಎಳೆದೆವು. ಹಳೆ ಕೇಬಲ್‌ನ ತುದಿಗೇ ಹೊಸದನ್ನು ಇನ್ಸುಲೇಷನ್ ಟೇಪಿನಲ್ಲಿ ಸುತ್ತಿ ಎಳೆದರೆ ಪೈಪಿನೊಳಗೆ ತಾನಾಗಿ ಬರುತ್ತದೆ. ಎಡಿಟರ್ ಹುಡುಗ ಆ ಕಡೆಯಿಂದ ತಳ್ಳಿದ, ನಾನು ಈ ಕಡೆಯಿಂದ ಎಳೆದೆ. ಜಾಕ್ ಹಾಕುವಾಗ ಬಣ್ಣದ ಸಾಲು ಎರಡು ಕಡೆಯೂ ಒಂದೇ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಜೋಡಿಯ ಹುರಿಯನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬಾರದು. ಪಕ್ಕದ ಜೋಡಿಯ ಸಿಗ್ನಲ್ ಇದಕ್ಕೆ ಹಾರದಂತೆ ತಡೆಯುವುದು ಆ ಹುರಿಯೇ. ಕೇಬಲ್‌ನ ಹೊರ ಹೊದಿಕೆಯೂ ಜಾಕಿನ ಒಳಗೆ ಹೋಗಿ ಕಚ್ಚಿಕೊಳ್ಳಬೇಕು. ಇಲ್ಲದಿದ್ದರೆ ಎಳೆದಾಗ ಭಾರವೆಲ್ಲ ತೆಳ್ಳಗಿನ ಎಳೆಗಳ ಮೇಲೆ ಬೀಳುತ್ತದೆ.

ಲಿಂಕ್ 1000/1000. ಐಪರ್ಫ್‌ನಲ್ಲಿ ಇದೂ 940.

110ಕ್ಕೆ ಏರಿ 30ಕ್ಕೆ ಇಳಿಯುತ್ತಿತ್ತು

ತಂತಿ ಸರಿಯಾಯಿತು. ನ್ಯಾಸ್ ವಾಪಸ್ ಸಿಕ್ಕಿಸಿ ನಿಜವಾದ ಫುಟೇಜ್ ಕಾಪಿ ಹಾಕಿದೆವು. ಇಲ್ಲೊಂದು ಎಚ್ಚರ: ಒಂದೆರಡು ಜಿಬಿ ಫೈಲ್ ಹಾಕಿ ಸ್ಪೀಡ್ ನೋಡಿದರೆ ಪ್ರಯೋಜನ ಇಲ್ಲ. ಅಷ್ಟನ್ನು ರ‍್ಯಾಮ್ ನುಂಗಿಕೊಳ್ಳುತ್ತದೆ, ಡಿಸ್ಕ್ ಇನ್ನೂ ಬರೆದೇ ಇರುವುದಿಲ್ಲ. ಎರಡೂ ಕಡೆಯ ರ‍್ಯಾಮಿಗಿಂತ ಎಷ್ಟೋ ಜಾಸ್ತಿ ಡೇಟಾ ಹಾಕಬೇಕು. ನಾವು 100 ಜಿಬಿಯ ಫೋಲ್ಡರ್ ಹಾಕಿದೆವು. ನ್ಯಾಸ್‌ಗೆ 110ರಲ್ಲಿ ಶುರುವಾಗಿ ಕೊನೆಯ ತನಕ ಅಲ್ಲೇ ಇತ್ತು.

ಎರಡನೇ ಪ್ರತಿ ಹಾಗಲ್ಲ. ನ್ಯಾಸ್ ಹಿಂದಿನ ಪೋರ್ಟಬಲ್ ಡಿಸ್ಕಿಗೆ ವಾರಕ್ಕೊಮ್ಮೆ ಇನ್ನೊಂದು ಪ್ರತಿ ಹೋಗಬೇಕು, ಓನರ್ ಅದನ್ನು ಮನೆಗೆ ಒಯ್ಯುತ್ತಾರೆ. ಈ ಪದ್ಧತಿ ಒಳ್ಳೆಯದು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬ 3-2-1 ನಿಯಮವನ್ನು ಬಳಕೆಗೆ ತಂದದ್ದೇ ಪೀಟರ್ ಕ್ರೋಗ್ ಎಂಬ ಅಮೆರಿಕದ ಫೋಟೋಗ್ರಾಫರ್. ಫೋಟೋ ಕಸುಬಿನವರ ಕಷ್ಟದಿಂದ ಹುಟ್ಟಿದ ನಿಯಮ ಅದು. ಆದರೆ ಇಲ್ಲಿ ಆ ಪ್ರತಿ 35ರಲ್ಲಿ ತೆವಳುತ್ತಿತ್ತು. ಕಾರಣ ತಕ್ಷಣ ಕಂಡಿತು. ಡಿಸ್ಕನ್ನು ನ್ಯಾಸ್‌ನ ಯುಎಸ್‌ಬಿ 2 ಪೋರ್ಟಿಗೆ ಸಿಕ್ಕಿಸಿದ್ದರು. ಯುಎಸ್‌ಬಿ 2ರ ಮಿತಿ 480 ಎಂಬಿಪಿಎಸ್, ಕೈಗೆ ಸಿಗುವುದು 35–40 ಎಂಬಿ ಅಷ್ಟೇ. ನೀಲಿ ಬಾಯಿಯ ಯುಎಸ್‌ಬಿ 3 ಪೋರ್ಟಿಗೆ ಹಾಕಿದೆ. ಶುರುವಿನಲ್ಲಿ 100 ದಾಟಿತು, ಎಲ್ಲರೂ ಖುಷಿಪಟ್ಟರು. ಸ್ವಲ್ಪ ಹೊತ್ತಿಗೆ 60, ಆಮೇಲೆ 30. ಕೆಲವೊಮ್ಮೆ 10ಕ್ಕೂ ಬಿತ್ತು.

ಇದು ಎಸ್‌ಎಂಆರ್ ಡಿಸ್ಕಿನ ಲಕ್ಷಣ. ಮಾಡಿಗೆ ಹಂಚು ಹೊದಿಸುವಾಗ ಒಂದರ ಅಂಚಿನ ಮೇಲೆ ಇನ್ನೊಂದು ಬರುವ ಹಾಗೆ, ಈ ಡಿಸ್ಕುಗಳಲ್ಲಿ ಒಂದು ಟ್ರ್ಯಾಕಿನ ಅಂಚಿನ ಮೇಲೆ ಮುಂದಿನ ಟ್ರ್ಯಾಕ್ ಬರೆದಿರುತ್ತಾರೆ. ಅಷ್ಟೇ ಜಾಗದಲ್ಲಿ ಜಾಸ್ತಿ ಡೇಟಾ ಹಿಡಿಯುತ್ತದೆ. ಆದರೆ ನಡುವಿನ ಒಂದು ಟ್ರ್ಯಾಕ್ ಬದಲಿಸಬೇಕು ಎಂದರೆ ಅದರ ಮೇಲೆ ಕೂತ ಮುಂದಿನವನ್ನೆಲ್ಲ ಮತ್ತೆ ಬರೆಯಬೇಕು. ಅದಕ್ಕೇ ಡಿಸ್ಕ್ ಹೊಸ ಡೇಟಾವನ್ನು ಮೊದಲು ಒಂದು ಕ್ಯಾಶ್ ಜಾಗದಲ್ಲಿ ಬರೆದಿಟ್ಟು ಬಿಡುವಾದಾಗ ಹೊಂದಿಸಿಕೊಳ್ಳುತ್ತದೆ. ಆ ಜಾಗ ತುಂಬಿತೋ, ಸ್ಪೀಡ್ ಕುಸಿಯುತ್ತದೆ. ಆಗೊಂದು ಈಗೊಂದು ಫೈಲ್ ಇಡುವವರಿಗೆ ಏನೂ ತೊಂದರೆ ಇಲ್ಲ. ಒಂದೇ ಏಟಿಗೆ 400 ಜಿಬಿ ಸುರಿಯುವವರಿಗೆ ಇದು ಆಗಿಬರುವುದಿಲ್ಲ. ಅಂಗೈಯಗಲದ ಪೋರ್ಟಬಲ್ ಡಿಸ್ಕುಗಳಲ್ಲಿ ಎಸ್‌ಎಂಆರ್ ತುಂಬ ಸಾಮಾನ್ಯ. 2020ರಲ್ಲಿ ನ್ಯಾಸ್‌ಗೆಂದೇ ಮಾರುತ್ತಿದ್ದ ಕೆಲವು ಡಿಸ್ಕುಗಳೂ ಎಸ್‌ಎಂಆರ್ ಎಂದು ಬಯಲಾಗಿ ದೊಡ್ಡ ಗದ್ದಲವೇ ಆಗಿತ್ತು. ಆಮೇಲೆ ಕಂಪನಿಗಳು ಯಾವ ಮಾಡೆಲ್ ಎಸ್‌ಎಂಆರ್, ಯಾವುದು ಸಿಎಂಆರ್ (ಟ್ರ್ಯಾಕ್ ಒಂದರ ಮೇಲೊಂದು ಬರದ ಮಾಮೂಲಿ ಬಗೆ) ಎಂಬ ಪಟ್ಟಿ ಹಾಕಲು ಶುರು ಮಾಡಿದವು. ಕೊಳ್ಳುವ ಮುಂಚೆ ಮಾಡೆಲ್ ನಂಬರ್ ಹಿಡಿದು ಆ ಪಟ್ಟಿ ನೋಡಲೇಬೇಕು.

ಎರಡು 3.5 ಇಂಚಿನ ಸಿಎಂಆರ್ ಡಿಸ್ಕ್, ಪ್ರತ್ಯೇಕ ಅಡಾಪ್ಟರ್ ಇರುವ ಯುಎಸ್‌ಬಿ 3 ಡಾಕ್ (ಡಿಸ್ಕ್ ಕೂರಿಸುವ ತೊಟ್ಟಿಲು) ತರಿಸಿದೆವು. ಈ ಪ್ರತಿ ನ್ಯಾಸ್‌ನಿಂದ ನೇರ ಡಿಸ್ಕಿಗೆ ಹೋಗುತ್ತದೆ, ನೆಟ್‌ವರ್ಕನ್ನು ಮುಟ್ಟುವುದೇ ಇಲ್ಲ. ಹಗಲು ಎಡಿಟಿಂಗ್ ನಡೆಯುವಾಗಲೇ ಹಾಕಬಹುದು. 150ರ ಮೇಲೆ ನಿಂತಿತು. ಒಂದು ಡಿಸ್ಕ್ ಸ್ಟುಡಿಯೋದಲ್ಲಿ, ಒಂದು ಓನರ್ ಮನೆಯಲ್ಲಿ, ವಾರ ವಾರ ಅದಲುಬದಲು.

ಚಿಲ್ಲರೆ ಫೈಲ್‌ಗಳ ಕಾಟ

ಇಷ್ಟಾದರೂ ಒಂದು ಮದುವೆಯ ಪೂರ್ತಿ ಫೋಲ್ಡರ್ ಹಾಕಿದಾಗ ಅಂದುಕೊಂಡಿದ್ದಕ್ಕಿಂತ ತುಂಬ ತಡವಾಯಿತು. ವಿಡಿಯೋಗಳು ಜೋರಾಗಿ ಹೋದವು. ಆಮೇಲೆ ಸ್ಪೀಡ್ ಸೆಕೆಂಡಿಗೆ 2–3 ಎಂಬಿಗೆ ಬಂದು ಅಲ್ಲೇ ಕೂತಿತು. ಫೋಲ್ಡರ್ ತೆರೆದು ನೋಡಿದರೆ ಫೋಟೋ ತಿದ್ದುವ ಲೈಟ್‌ರೂಮ್‌ನ ಪ್ರಿವ್ಯೂ, ವಿಡಿಯೋ ಎಡಿಟ್ ಮಾಡುವ ಪ್ರೀಮಿಯರ್‌ನ ಮೀಡಿಯಾ ಕ್ಯಾಶ್, ಥಂಬ್‌ನೇಲ್, ಹೀಗೆ ಸಾವಿರಾರು ಪುಟಾಣಿ ಫೈಲ್‌ಗಳು.

ಪ್ರತಿ ಫೈಲಿಗೂ ನೆಟ್‌ವರ್ಕ್ ಮೇಲೆ ಒಂದಿಷ್ಟು ಮಾತುಕತೆ ಇರುತ್ತದೆ. ತೆರೆ, ಬರೆ, ತಾರೀಕು ಹಾಕು, ಮುಚ್ಚು. ಪ್ರತಿ ಮಾತಿಗೂ ಉತ್ತರ ಬರುವ ತನಕ ಕಾಯಬೇಕು. ಅತ್ತ ಹಾರ್ಡ್‌ಡಿಸ್ಕಿನ ಹೆಡ್ ಪ್ರತಿ ಫೈಲಿಗೂ ಬೇರೆ ಜಾಗಕ್ಕೆ ಓಡಬೇಕು. 10 ಜಿಬಿಯ ಒಂದು ವಿಡಿಯೋಗೆ ಈ ಖರ್ಚು ಒಂದು ಸಲ. 20 ಕೆಬಿಯ ಫೈಲಿಗೂ ಅಷ್ಟೇ ಖರ್ಚು. ತಂತಿ ಎಷ್ಟು ದಪ್ಪ ಇದ್ದರೂ ಇದು ಕಮ್ಮಿಯಾಗುವುದಿಲ್ಲ. 10ಜಿ ಹಾಕಿಸಿದ್ದರೆ ಇಲ್ಲೇ ಬಂದು ನಿಲ್ಲುತ್ತಿತ್ತು.

ಕ್ಯಾಶ್, ಪ್ರಿವ್ಯೂಗಳನ್ನು ಬ್ಯಾಕಪ್ಪಿನಿಂದ ತೆಗೆದುಬಿಟ್ಟೆ. ಮೂಲ ಫೈಲ್ ಇದ್ದರೆ ಸಾಫ್ಟ್‌ವೇರ್ ಅವನ್ನು ಮತ್ತೆ ಮಾಡಿಕೊಳ್ಳುತ್ತದೆ. ಆದರೆ ಲೈಟ್‌ರೂಮ್ ಕ್ಯಾಟಲಾಗ್ ಫೈಲ್, ಪ್ರೀಮಿಯರ್ ಪ್ರಾಜೆಕ್ಟ್ ಫೈಲ್ ಮಾತ್ರ ಯಾವ ಕಾರಣಕ್ಕೂ ಬಿಡಬಾರದು. ವಾರಗಟ್ಟಲೆಯ ಕಲರ್ ಕೆಲಸ, ಕಟ್ಟಿಂಗ್ ಎಲ್ಲ ಇರುವುದು ಆ ಸಣ್ಣ ಫೈಲ್‌ಗಳಲ್ಲೇ. ಎಡಿಟರ್ ಜೊತೆ ಕೂತು ಒಂದೊಂದು ಫೋಲ್ಡರ್ ತೋರಿಸಿ "ಇದು ಬೇಕಾ? ಇದು ಹೋದ್ರೆ ಏನಾಗುತ್ತೆ?" ಎಂದು ಕೇಳಿಯೇ ಪಟ್ಟಿ ಮಾಡಿದೆ. ಇದನ್ನು ಹೊರಗಿನವರು ಊಹೆಯಿಂದ ಮಾಡಬಾರದು. ಹಳೆಯ, ಡೆಲಿವರಿ ಆಗಿರುವ ಮದುವೆಗಳ ಚಿಲ್ಲರೆ ಫೈಲ್‌ಗಳನ್ನು ಕಂಪ್ರೆಸ್ ಮಾಡದೆ ಒಂದೇ ಜಿಪ್ ಮಾಡಿಟ್ಟೆವು. ವಿಡಿಯೋ, ಜೆಪೆಗ್‌ಗಳು ಮೊದಲೇ ಕುಗ್ಗಿಸಿರುವಂಥವು, ಮತ್ತೆ ಕಂಪ್ರೆಸ್ ಮಾಡಲು ಹೋದರೆ ಪ್ರೊಸೆಸರ್‌ಗೆ ದಂಡ.

ರೋಬೋಕಾಪಿ

ಹುಡುಗರು ಮೌಸ್‌ನಲ್ಲಿ ಎಳೆದು ಹಾಕಿ ಕಾಪಿ ಮಾಡುತ್ತಿದ್ದರು. ಮಧ್ಯೆ ನಿಂತರೆ ಎಲ್ಲಿ ನಿಂತಿತು ಗೊತ್ತಾಗುವುದಿಲ್ಲ, ಮತ್ತೆ ಮೊದಲಿಂದ. ವಿಂಡೋಸ್ ಜೊತೆಗೇ ಬರುವ ರೋಬೋಕಾಪಿ ಹೊಸ ಮತ್ತು ಬದಲಾದ ಫೈಲ್‌ಗಳನ್ನಷ್ಟೇ ಒಯ್ಯುತ್ತದೆ. ಆದರೆ ಅದರ ಡೀಫಾಲ್ಟ್ ಸೆಟ್ಟಿಂಗನ್ನು ಹಾಗೇ ಬಿಟ್ಟರೆ ತೊಂದರೆ. ಒಂದು ಫೈಲ್ ಲಾಕ್ ಆಗಿದ್ದರೆ 10 ಲಕ್ಷ ಸಲ ಪ್ರಯತ್ನಿಸುತ್ತದೆ, ಪ್ರತಿ ಸಲದ ನಡುವೆ 30 ಸೆಕೆಂಡ್ ಕಾಯುತ್ತದೆ. ಯಾರೋ ಪ್ರೀಮಿಯರ್ ತೆರೆದಿಟ್ಟು ಮನೆಗೆ ಹೋದರೆ ಇಡೀ ರಾತ್ರಿಯ ಬ್ಯಾಕಪ್ ಆ ಒಂದು ಫೈಲಿನ ಮುಂದೆ ನಿಂತಿರುತ್ತದೆ. ರೋಬೋಕಾಪಿಯ ಆದೇಶಕ್ಕೆ ಸೇರಿಸುವ ಆಯ್ಕೆಗಳಿಗೂ ಸ್ವಿಚ್ ಎಂದೇ ಹೆಸರು. ಎಷ್ಟು ಸಲ ಎಂದು ಹೇಳುವ ಆರ್ ಸ್ವಿಚ್ಚಿಗೆ 2, ಎಷ್ಟು ಸೆಕೆಂಡ್ ಕಾಯಬೇಕು ಎನ್ನುವ ಡಬ್ಲ್ಯೂಗೆ 5 ಕೊಟ್ಟೆ. ಎರಡು ಸಲ ನೋಡು, ಆಗದಿದ್ದರೆ ಲಾಗ್‌ನಲ್ಲಿ ಬರೆದು ಮುಂದೆ ಹೋಗು.

ಕೆಲಸವನ್ನು ಎರಡು ಭಾಗ ಮಾಡಿದೆ. 100 ಎಂಬಿಗಿಂತ ದೊಡ್ಡ ಫೈಲ್‌ಗಳಿಗೆ ಒಂದು, ಉಳಿದವಕ್ಕೆ ಇನ್ನೊಂದು. ಮಿನ್ ಮತ್ತು ಮ್ಯಾಕ್ಸ್ ಸ್ವಿಚ್‌ಗಳು ಇದಕ್ಕೇ ಇವೆ, ಅಳತೆಯನ್ನು ಬೈಟ್‌ನಲ್ಲಿ ಕೊಡಬೇಕು. ದೊಡ್ಡವಕ್ಕೆ ಜೆ ಸ್ವಿಚ್, ಅದು ವಿಂಡೋಸ್‌ನ ಬಫರ್ ಬಿಟ್ಟು ನೇರ ಓದಿ ಬರೆಯುತ್ತದೆ. ಹಲವು ಫೈಲ್ ಒಟ್ಟಿಗೆ ಕಳಿಸುವ ಎಂಟಿ ಸ್ವಿಚ್ ಅಲ್ಲಿ ಹಾಕಲಿಲ್ಲ. ಹಾರ್ಡ್‌ಡಿಸ್ಕಿಗೆ ಒಂದೇ ದೊಡ್ಡ ಫೈಲನ್ನು ಸಾಲಾಗಿ ಬರೆಯುವುದು ಸುಲಭ. ಎಂಟು ಫೈಲ್ ಒಟ್ಟಿಗೆ ಕೊಟ್ಟರೆ ಹೆಡ್ ಅತ್ತಿತ್ತ ಓಡುವುದರಲ್ಲೇ ಸುಸ್ತು. ಸಣ್ಣ ಫೈಲ್‌ಗಳಿಗೆ ತದ್ವಿರುದ್ಧ. ಎಂಟಿಗೆ 16 ಕೊಟ್ಟೆ, ಒಂದು ಫೈಲಿನ ಉತ್ತರಕ್ಕೆ ಕಾಯುವಾಗ ಇನ್ನೊಂದು ಹೊರಡುತ್ತದೆ. ಝೆಡ್ ಸ್ವಿಚ್ಚನ್ನು ಎಲ್ಲರೂ ಅಭ್ಯಾಸಬಲದಿಂದ ಸೇರಿಸುತ್ತಾರೆ. ಮಧ್ಯೆ ಕಡಿದರೆ ಅಲ್ಲಿಂದಲೇ ಮುಂದುವರಿಯುವ ಅನುಕೂಲ ಅದರಲ್ಲಿದೆ, ಆದರೆ ನಿಧಾನ. ಗಟ್ಟಿ ತಂತಿಯ ಲ್ಯಾನ್‌ನಲ್ಲಿ ಅದರ ಅಗತ್ಯ ಕಾಣಲಿಲ್ಲ.

ಎಂಐಆರ್ ಸ್ವಿಚ್ ಬಗ್ಗೆ ಖಂಡಿತವಾಗಿ ಹೇಳಬೇಕು. ಅದು ಎರಡು ಕಡೆಯನ್ನೂ ಒಂದೇ ಮಾಡುತ್ತದೆ. ಪಿಸಿಯಲ್ಲಿ ಯಾರಾದರೂ ತಪ್ಪಿ ಒಂದು ಮದುವೆಯ ಫೋಲ್ಡರ್ ಅಳಿಸಿದರೆ ರಾತ್ರಿ ಬ್ಯಾಕಪ್ಪಿನಲ್ಲೂ ಅಳಿಸಿಹೋಗುತ್ತದೆ. ನಾನು ಹಾಕಲಿಲ್ಲ. ಬದಲಿಗೆ ಇ ಸ್ವಿಚ್, ಅದು ಬ್ಯಾಕಪ್ಪಿನಿಂದ ಏನನ್ನೂ ಅಳಿಸುವುದಿಲ್ಲ. ನ್ಯಾಸ್‌ನಲ್ಲಿ ಸ್ನ್ಯಾಪ್‌ಶಾಟ್ ಆನ್ ಮಾಡಿದೆ, ಫೈಲ್‌ಗಳು ಆಗಾಗ ಹೇಗಿದ್ದವು ಎಂದು ಅದು ನೆನಪಿಟ್ಟುಕೊಳ್ಳುತ್ತದೆ. ಬ್ಯಾಕಪ್ಪಿಗೆಂದೇ ಬೇರೆ ಯೂಸರ್, ಬೇರೆ ಪಾಸ್‌ವರ್ಡ್. ಎಡಿಟರ್‌ಗಳ ದಿನದ ಲಾಗಿನ್‌ನಿಂದ ಆ ಫೋಲ್ಡರ್‌ಗೆ ಬರೆಯಲು ಆಗುವುದಿಲ್ಲ. ಪಿಸಿಗೆ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಂದರೂ ಆ ಲಾಗಿನ್ ಹಿಡಿದು ಬ್ಯಾಕಪ್ಪಿಗೆ ಬರೆಯಲಾಗದು.

ಹೊತ್ತಿಗೆ ಸರಿಯಾಗಿ ತಾನೇ ಓಡಲಿ ಎಂದು ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹಾಕಿದ ಮೇಲೆ ಫಲಿತಾಂಶದ ಕೋಡ್ 1 ಬಂದಿದೆ ಎಂದು ಎಡಿಟರ್ ಹುಡುಗ ಗಾಬರಿಯಿಂದ ಫೋನ್ ಮಾಡಿದ. "ಅಣ್ಣಾ, ಎರರ್ ಬಂದಿದೆ ಅನ್ಸುತ್ತೆ." ರೋಬೋಕಾಪಿಯಲ್ಲಿ 1 ಅಂದರೆ ಫೈಲ್‌ಗಳು ಸರಿಯಾಗಿ ಕಾಪಿ ಆಗಿವೆ ಎಂದು. 0 ಅಂದರೆ ಕಾಪಿ ಮಾಡುವಂಥದ್ದೇನೂ ಇರಲಿಲ್ಲ. 8 ಅಥವಾ ಮೇಲೆ ಬಂದರೆ ಮಾತ್ರ ಲಾಗ್ ತೆರೆದು ನೋಡಬೇಕು.

ಶೆಡ್ಯೂಲರ್‌ನಲ್ಲಿ ಹಾಕಿದ ಮೊದಮೊದಲು ನಾಲ್ಕೂ ಪಿಸಿಯ ಬ್ಯಾಕಪ್ ರಾತ್ರಿ ಹತ್ತಕ್ಕೇ ಶುರುವಾಗುತ್ತಿತ್ತು. ನಾಲ್ಕು ಒಟ್ಟಿಗೆ ಬರೆದಾಗ ನ್ಯಾಸ್ ಒಟ್ಟು 60–70 ಎಂಬಿ ಕೊಡುತ್ತಿತ್ತು. ಒಂದಾದ ಮೇಲೆ ಒಂದು ಹಾಕಿದಾಗ 110. ಹಾಗಾಗಿ ಒಂದೊಂದಕ್ಕೆ ಒಂದೊಂದು ಸಮಯ. ಪಿಸಿಗಳು ಅರ್ಧ ಗಂಟೆಗೆ ಸ್ಲೀಪ್‌ಗೆ ಹೋಗುತ್ತಿದ್ದವು, ಅದನ್ನೂ ಆಫ್ ಮಾಡಿದೆ.

ಬೇಡ ಎಂದು ಬಿಟ್ಟಿದ್ದು

ಜಂಬೋ ಫ್ರೇಮ್, ಅಂದರೆ ಮಾಮೂಲಿಗಿಂತ ದೊಡ್ಡ ಪ್ಯಾಕೆಟ್, ಹಾಕಿದರೆ ಸ್ಪೀಡ್ ಡಬಲ್ ಆಗುತ್ತದೆ ಎಂದು ಯೂಟ್ಯೂಬ್‌ನಲ್ಲಿ ನೋಡಿದ್ದೆ ಎಂದ ಎಡಿಟರ್. ಲೆಕ್ಕ ಮಾಡಿ ತೋರಿಸಿದೆ. ಸಾಧಾರಣ 1500 ಬೈಟಿನ ಪ್ಯಾಕೆಟ್‌ನಲ್ಲಿ ತಂತಿಯ ಸುಮಾರು 95 ಶೇಕಡಾ ನಿಜವಾದ ಡೇಟಾಕ್ಕೆ ಸಿಗುತ್ತದೆ. 9000 ಮಾಡಿದರೆ 99. ಸಿಗುವ ಲಾಭ ನಾಲ್ಕು ಶೇಕಡಾ. ಅದಕ್ಕಾಗಿ ಪಿಸಿ, ಸ್ವಿಚ್, ನ್ಯಾಸ್ ಎಲ್ಲದರಲ್ಲೂ ಒಂದೇ ಸೆಟ್ಟಿಂಗ್ ಇರಬೇಕು. ಒಂದರಲ್ಲಿ ತಪ್ಪಿದರೂ ಪಿಂಗ್ (ಸಂಪರ್ಕ ಪರೀಕ್ಷಿಸುವ ಪುಟ್ಟ ಸಂದೇಶ) ಹೋಗುತ್ತದೆ, ಫೈಲ್ ಮಾತ್ರ ಅರ್ಧಕ್ಕೆ ನೇತಾಡುತ್ತದೆ. ನಾಳೆ ಹೊಸ ಪಿಸಿ ತಂದವರಿಗೆ ಇದೆಲ್ಲ ನೆನಪಿರುತ್ತದಾ?

2.5ಜಿ ವಿಷಯ ಹಾಗಲ್ಲ, ಅದು ಒಳ್ಳೆಯದೇ. 2016ರಿಂದ ಸ್ಟ್ಯಾಂಡರ್ಡ್ ಇದೆ, ಕ್ಯಾಟ್5ಇ ಕೇಬಲ್ ಸಾಕು, ಸ್ವಿಚ್‌ಗಳೂ ಈಗ ಕೈಗೆಟಕುತ್ತವೆ. ಮುಂದೆ ನ್ಯಾಸ್ ಬದಲಿಸುವಾಗ 2.5ಜಿ ಪೋರ್ಟ್ ಇರುವುದನ್ನೇ ತಗೊಳ್ಳಿ ಎಂದಿದ್ದೇನೆ. ಈಗ ಇರುವ ನ್ಯಾಸ್‌ನಲ್ಲಿ ಗಿಗಾಬಿಟ್ ಪೋರ್ಟ್ ಮಾತ್ರ. 400 ಜಿಬಿ ಒಂದು ಗಂಟೆ ಚಿಲ್ಲರೆಗೆ ಮುಗಿಯುತ್ತದೆ, ರಾತ್ರಿಗೆ ಅದು ಧಾರಾಳ. ಓನರ್ ತೆಗೆದಿಟ್ಟಿದ್ದ 10ಜಿಯ ದುಡ್ಡಿನಲ್ಲಿ ಡಿಸ್ಕ್ ಮತ್ತು ಡಾಕ್ ಬಂದವು, ಮೇಲೊಂದು ಯುಪಿಎಸ್ ಬಂತು.

ಯುಪಿಎಸ್‌ಗೆ ನ್ಯಾಸ್ ಜೊತೆ ಸ್ವಿಚ್ಚನ್ನೂ ಹಾಕಿದೆ. ಇದನ್ನು ಮರೆಯುವವರೇ ಜಾಸ್ತಿ. ಪಿಸಿಗೂ ನ್ಯಾಸ್‌ಗೂ ಕರೆಂಟ್ ಇದ್ದು ನಡುವಿನ ಸ್ವಿಚ್ ಆಫ್ ಆದರೆ ಬ್ಯಾಕಪ್ ಕಡಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗದ ರಾತ್ರಿ ಎಲ್ಲಿದೆ? ಯುಪಿಎಸ್‌ನ ಯುಎಸ್‌ಬಿ ಕೇಬಲನ್ನು ನ್ಯಾಸ್‌ಗೆ ಕೊಟ್ಟಿದ್ದೇನೆ, ಬ್ಯಾಟರಿ ಇಳಿಯುತ್ತಿದ್ದಂತೆ ನ್ಯಾಸ್ ತಾನೇ ಸರಿಯಾಗಿ ಶಟ್‌ಡೌನ್ ಆಗುತ್ತದೆ.

ವಾಪಸ್ ತೆಗೆದು ನೋಡಿದ್ದು

ಜೋರಾಗಿ ಹೋಯಿತು ಎಂದರೆ ಸರಿಯಾಗಿ ಹೋಯಿತು ಎಂದಲ್ಲ. ಒಂದು ಮದುವೆಯ ಫೋಲ್ಡರ್ ಆರಿಸಿ ಪಿಸಿಯಲ್ಲೂ ನ್ಯಾಸ್‌ನಲ್ಲೂ ಪ್ರತಿ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಒಂದು ಸಂಖ್ಯೆ) ತೆಗೆದು ಹೋಲಿಸಿದೆ. ಎರಡೂ ಕಡೆ ಆಯಾ ಡಿಸ್ಕಿನ ಹತ್ತಿರವೇ ಲೆಕ್ಕ ಮಾಡಿದರೆ ನೆಟ್‌ವರ್ಕಿನಲ್ಲಿ ಮತ್ತೆ 400 ಜಿಬಿ ಎಳೆಯಬೇಕಿಲ್ಲ, ಪಟ್ಟಿಗಳನ್ನು ಹೋಲಿಸಿದರೆ ಸಾಕು. ಎಲ್ಲವೂ ಹೊಂದಿದವು.

ಆಮೇಲೆ ಬ್ಯಾಕಪ್ಪಿನಿಂದ ಆ ಫೋಲ್ಡರನ್ನು ಯಾವತ್ತೂ ಆ ಮದುವೆ ಎಡಿಟ್ ಮಾಡಿರದ ಇನ್ನೊಂದು ಪಿಸಿಗೆ ತಂದು ಪ್ರೀಮಿಯರ್‌ನಲ್ಲಿ ತೆರೆಯಲು ಹೇಳಿದೆ. ಪ್ರಾಜೆಕ್ಟ್ ತೆರೆಯಿತು, ಆದರೆ ಹಾಡುಗಳ ಕ್ಲಿಪ್‌ಗಳು ಆಫ್‌ಲೈನ್ ಎಂದು ಕೆಂಪಾಗಿ ಬಂದವು. ಹಾಡುಗಳನ್ನು ಎಡಿಟರ್ ತನ್ನ ಡೆಸ್ಕ್‌ಟಾಪಿನ ಫೋಲ್ಡರ್‌ನಿಂದ ಬಳಸಿದ್ದ, ಅದು ಬ್ಯಾಕಪ್ ಪಟ್ಟಿಯಲ್ಲೇ ಇರಲಿಲ್ಲ. ಫಾಂಟ್‌ಗಳದ್ದೂ ಅದೇ ಕಥೆ. ಹಾಡು, ಫಾಂಟ್, ಆಲ್ಬಂ ಟೆಂಪ್ಲೇಟ್ ಮೂರಕ್ಕೂ ನ್ಯಾಸ್‌ನಲ್ಲಿ ಒಂದು ಫೋಲ್ಡರ್ ಮಾಡಿದೆವು. ನಾಲ್ಕೂ ಪಿಸಿ ಅಲ್ಲಿಂದಲೇ ಬಳಸುತ್ತವೆ, ವಾರದ ಪ್ರತಿಯಲ್ಲೂ ಅದು ಹೋಗುತ್ತದೆ. ಎರಡನೇ ಸಲ ತೆರೆದಾಗ ಟೈಮ್‌ಲೈನ್ ಪೂರ್ತಿ ಬಂತು. ಎಡಿಟರ್ ಹುಡುಗ ಮಾಂಗಲ್ಯಧಾರಣೆಯ ಕ್ಲಿಪ್‌ಗೆ ಹೋಗಿ ಕೊನೆಯ ತನಕ ಓಡಿಸಿ ನೋಡಿದ.

ಗೋಡೆಯೊಳಗೆ ಇನ್ನೂ ಮೂರು ಲೈನ್ ಸಿಸಿಎ ಕೇಬಲ್ ಉಳಿದಿದೆ. ಸದ್ಯಕ್ಕೆ 1000ದಲ್ಲೇ ಓಡುತ್ತಿವೆ. ಶ್ರಾವಣದ ಮುಹೂರ್ತಗಳು ಶುರುವಾಗುವುದರೊಳಗೆ ಅವನ್ನೂ ಬದಲಿಸಲು ತಾಮ್ರದ ಕ್ಯಾಟ್6 ಒಂದು ಬಾಕ್ಸ್ ತರಿಸಿ ಇಟ್ಟಿದ್ದಾರೆ.